ಪದ ಬೇಕು: ಸಿಂಥಸೈಜರ್ ಮುಖದ ಮೇಲೆ ಬಿಡುವ ಜಾಗಕ್ಕೆ (ಇವತ್ತು ಸಂಜೆಯೊಳಗೆ)

ಬಳ್ಳಾರಿಯಿಂದ, ಬೆಳಿಗ್ಗೆ 9.20

ಎಲ್ಲರಿಗೂ ನಮಸ್ಕಾರ. ಎರಡು ಪದ ಬೇಕಾಗಿವೆ. ನಾವು ನಾಲ್ಕೈದು ಜನ ಗೆಳೆಯರು ಸೇರಿ ಒಂದು ಮಾಡ್ಯುಲರ್ ಸಿಂಥಸೈಜರ್ ಕಟ್ಟಿದ್ದೇವೆ. ನಾಡಿದ್ದು ಶಾಲೆ ಮಕ್ಕಳು ನೋಡಲು ಬರುತ್ತಾರೆ. ಪಕ್ಕದಲ್ಲಿ ಇಡುವ ಬೋರ್ಡು ಕನ್ನಡದಲ್ಲೇ ಇರಬೇಕು ಅಂತ ನನ್ನ ಹಟ. ಸ್ಟಿಕ್ಕರ್ ಅಂಗಡಿಯವರು ಸಂಜೆ ಆರಕ್ಕೆ ಮ್ಯಾಟರ್ ಕೊಡಿ ಅಂದಿದ್ದಾರೆ.

ಈ ವಾದ್ಯ ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಬಿಡಿ ಭಾಗಗಳನ್ನು ವೈರಿನಿಂದ ಜೋಡಿಸಿ ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯ ಇದು, ಆ ಭಾಗಕ್ಕೆ ಮಾಡ್ಯೂಲ್ ಅನ್ನುತ್ತಾರೆ. ಇದರ ಒಂದೊಂದು ಭಾಗಕ್ಕೂ ಬೇರೆ ಬೇರೆ ತಗಡಿನ ಮುಖ ಇರುತ್ತದೆ. ನಾವು ಬಳಸಿದ್ದು ಯೂರೋರ‍್ಯಾಕ್ ಅಳತೆ. ಜರ್ಮನಿಯ ಡೀಟರ್ ಡೋಪ್ಫರ್ 1990ರ ದಶಕದ ಮಧ್ಯದಲ್ಲಿ ಶುರು ಮಾಡಿದ್ದು. ಎಲ್ಲ ತಗಡಿನ ಎತ್ತರ 128.5 ಮಿಲಿಮೀಟರ್. ಅಗಲ ಮಾತ್ರ ಹೆಚ್ಚು ಕಡಿಮೆ. ಅದನ್ನು ಎಚ್‌ಪಿ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಎಚ್‌ಪಿ ಅಂದರೆ 5.08 ಮಿಲಿಮೀಟರ್. ನಮ್ಮ ಪೆಟ್ಟಿಗೆಯ ಒಂದು ಸಾಲು 84 ಎಚ್‌ಪಿ. ತುಂಬಿರುವುದು 76. ಉಳಿದ 8ಕ್ಕೆ ಏನೂ ಇಲ್ಲದ ಅಲ್ಯುಮಿನಿಯಂ ತಗಡು ಹಾಕಿ ತಿರುಪು ಬಿಗಿದಿದ್ದೇವೆ. ಹಾಗೇ ತೆರೆದು ಬಿಟ್ಟರೆ ಧೂಳು ಒಳಗೆ ಹೋಗುತ್ತದೆ, ಬಳ್ಳಾರಿಯ ಧೂಳು ನಿಮಗೆ ಗೊತ್ತೇ ಇದೆ. ಒಂದು ತಿರುಪು ಜಾರಿ ಬಿದ್ದು 12 ವೋಲ್ಟಿನ ಪಿನ್ನಿಗೆ ತಾಗಿದರೆ ಶಾರ್ಟ್. ಈ ತಗಡಿಗೆ ಒಂದು ಪದ ಬೇಕು.

ಎರಡನೆಯದೇ ನನಗೆ ಕಷ್ಟವಾಗಿರುವುದು. ಒಂದೇ ತಗಡಿನ ಮೇಲೆ ನಾಬುಗಳ ನಡುವೆ ಬೇಕಂತಲೇ ಜಾಗ ಬಿಡುತ್ತೇವಲ್ಲ, ಅದಕ್ಕೆ ಏನನ್ನಬೇಕು? ಮೊದಲ ಸಲ ನಾನು ಎಲ್ಲವನ್ನೂ ಒತ್ತೊತ್ತಾಗಿ ಕೂರಿಸಿದ್ದೆ. ಒಂದು ನಾಬು ತಿರುಗಿಸಿದರೆ ಪಕ್ಕದ್ದೂ ತಿರುಗುತ್ತಿತ್ತು. ಮೇಲೆ ಚುಚ್ಚಿದ ವೈರುಗಳು ಇಳಿಬಿದ್ದು ಕೆಳಗಿನ ನಾಬು ಕಾಣುತ್ತಿರಲಿಲ್ಲ. ತಗಡನ್ನು ಹೊಸದಾಗಿ ಕತ್ತರಿಸಿ, ವೈರು ಚುಚ್ಚುವ ಜ್ಯಾಕುಗಳನ್ನೆಲ್ಲ ಕೆಳಗಿಳಿಸಿ, ನಾಬುಗಳ ಸುತ್ತ ಬೆರಳಾಡುವಷ್ಟು ಜಾಗ ಬಿಟ್ಟೆವು. ಮಕ್ಕಳಿಗೆ ತೋರಿಸಬೇಕಾಗಿರುವುದು ಆ ಜಾಗವನ್ನೇ. 'ಖಾಲಿ ಜಾಗ' ಅಂತ ಬರೆದು ಹೊಡೆದು ಹಾಕಿದೆ. ಮನೆ ಖಾಲಿ ಇದೆ ಅಂದರೆ ಯಾರೋ ಬರಬೇಕು ಅಂತ. ಇಲ್ಲಿ ಯಾರೂ ಬರಬಾರದು.

ಕೊಪ್ಪಳದಿಂದ, 10.05

ಖಾಲಿ ಅರಬ್ಬಿ ಪದ. ಬೇಡ.

ಮೊದಲನೆಯದಕ್ಕೆ 'ಬರಿಹಲಗೆ'. ಎರಡನೆಯದಕ್ಕೆ 'ತೆರಪು'. ಹಳಗನ್ನಡದಲ್ಲಿ ತೆಱಪು. ಬಾಗಿಲು ತೆರೆ ಅನ್ನುವಲ್ಲಿನ ತೆಱೆ ಇದರ ಬೇರು. ಅಲೆ, ಪರದೆ ಅನ್ನುವ ತೆರೆಗೆ ಸಾದಾ ರ, ಅದು ಬೇರೆಯೇ ಪದ. ಎರಡನ್ನೂ ಕಲಸಬೇಡಿ. ತೆಲುಗಿನ ತೆಱಪಿ ಇದರ ಒಡಹುಟ್ಟು. ನಿಮ್ಮ ಬಳ್ಳಾರಿಯಲ್ಲಿ ಮಳೆ ತೆರಪು ಕೊಡಲಿಲ್ಲ ಅಂದರೆ ಈಗಲೂ ಅರ್ಥವಾಗುತ್ತದೆ. ಹುಡುಕುವ ಕೆಲಸವೇ ಇಲ್ಲ.

ರಾಯಚೂರಿನಿಂದ, 10.50

ಬರಿಹಲಗೆ ಅಚ್ಚಗನ್ನಡ ಅಂತ ಯಾರು ಹೇಳಿದರು ಗುರುಗಳೇ? ಹಲಗೆ ಫಲಕದ ತದ್ಭವ. ಅರಬ್ಬಿ ಬೇಡ, ಸಂಸ್ಕೃತ ನಡೆಯುತ್ತದೆ ಅಂದರೆ ಅದು ನ್ಯಾಯ ಅಲ್ಲ. ಅದೂ ಅಲ್ಲದೆ ಸಂಗೀತದ ಬೋರ್ಡಿನ ಮೇಲೆ ಹಲಗೆ ಅಂತ ಬರೆದರೆ ನಮ್ಮ ಕಡೆ ಮಕ್ಕಳು ಹೋಳಿ ಹುಣ್ಣಿಮೆಗೆ ಬಾರಿಸುವ ಹಲಗೆಯನ್ನೇ ಹುಡುಕುತ್ತಾರೆ.

ಖಾಲಿ ಬಗ್ಗೆ ನನಗೆ ಹೇಳುವುದಿದೆ. ನಾನು ತಬಲಾ ಕಲಿಸುವವನು. ತೀನ್‌ತಾಲದಲ್ಲಿ 16 ಮಾತ್ರೆ, ಅಂದರೆ 16 ಎಣಿಕೆ. ಒಂಬತ್ತನೆಯದು ಖಾಲಿ. ಅಲ್ಲಿ ಚಪ್ಪಾಳೆ ತಟ್ಟುವುದಿಲ್ಲ, ಕೈ ಬೀಸುತ್ತೇವೆ. ಅದರ ಬೆನ್ನಿಗೇ ಧಿನ್ ಅನ್ನುವ ಪೆಟ್ಟು ಹೋಗಿ ತಿನ್ ಆಗುತ್ತದೆ, ಎಡಗೈಯ ಡಗ್ಗಾದ ತುಂಬುದನಿ ನಿಲ್ಲುತ್ತದೆ. ಆದರೆ ಮಾತ್ರೆ ಲೆಕ್ಕದಿಂದ ಹೋಗುವುದಿಲ್ಲ. ಆ ಖಾಲಿ ಕೇಳಿಸಿಕೊಂಡೇ ಹಾಡುವವರು ಸಮ್, ಅಂದರೆ ತಾಳದ ಮೊದಲ ಮಾತ್ರೆ, ಇನ್ನೆಷ್ಟು ದೂರ ಅಂತ ತಿಳಿಯುವುದು. ಬೇಕಂತಲೇ ಬಿಟ್ಟ ಜಾಗಕ್ಕೆ ಇದಕ್ಕಿಂತ ಒಳ್ಳೆ ಪದ ಎಲ್ಲಿದೆ?

ಕೊಪ್ಪಳದಿಂದ, 11.15

ತಾಳದ ಪರಿಭಾಷೆ ಬೇರೆ, ಬೋರ್ಡು ಓದುವವರ ಮಾತು ಬೇರೆ. ಹಲಗೆ ಹಿಂದಕ್ಕೆ ತೆಗೆದುಕೊಂಡೆ. 'ತಗಡು' ಇರಲಿ, ಅದು ತಮಿಳಿನಲ್ಲೂ ಇದೆ, ದ್ರಾವಿಡ ಪದವೇ.

ಖಾಲಿಗೆ ಮಾತ್ರ ಒಪ್ಪುವುದಿಲ್ಲ. ಒಂದು ಖಾಲಿ ಒಳಗೆ ಬಂದು ಎಷ್ಟು ಪದಗಳು ಮೂಲೆ ಸೇರಿದವು ನೋಡಿ. ಬರಿದು, ತೆರಪು, ಎಡೆ, ಬಿಡುವು. ಪಾತ್ರೆ ಬರಿದಾಗುತ್ತಿತ್ತು, ಮಳೆಗೆ ತೆರಪಿತ್ತು, ಕೆಲಸಕ್ಕೆ ಬಿಡುವಿತ್ತು. ಈಗ ಪಾತ್ರೆಯೂ ಖಾಲಿ, ಬಸ್ಸೂ ಖಾಲಿ, ಮನುಷ್ಯನೂ ಖಾಲಿ. ಅರ್ಥದ ಗೆರೆಗಳು ಅಳಿಸಿ ಹೋಗುತ್ತಿವೆ. ನನಗೆ ಸಂಕಟ ಇರುವುದು ಅದಕ್ಕೆ.

ರಾಯಚೂರಿನಿಂದ, 11.40

ನಾವು 1948ರವರೆಗೆ ನಿಜಾಮರ ಆಡಳಿತದಲ್ಲಿದ್ದೆವು. ಕೊಪ್ಪಳವೂ ಇತ್ತು. ಜಮೀನು, ಖಾತೆ, ಖಾಲಿ ಎಲ್ಲ ನನ್ನ ಅಜ್ಜಿ ಆಡಿದ ಮಾತು. ಆಕೆಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಬಳ್ಳಾರಿ 1953ರವರೆಗೆ ಮದ್ರಾಸಿನ ಕಡೆಗಿತ್ತು, ಅವರ ಮಾತಿನಲ್ಲಿ ತೆಲುಗು ಜಾಸ್ತಿ. ಬೆಂಗಳೂರಿನವರು ಇವೆರಡನ್ನೂ ಅಶುದ್ಧ ಅಂದಾಗ ಸಿಟ್ಟಾಗುವ ನೀವೇ ಈಗ ಅದೇ ಮಾತು ಆಡುತ್ತಿದ್ದೀರಿ.

ಗಂಗಾವತಿಯಿಂದ, ಮಧ್ಯಾಹ್ನ 1.30

ಜಗಳದ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಎಚ್‌ಪಿಗೆ ಏನು ಬರೆಯುತ್ತೀರಿ ಅಂತ ಯಾರೂ ಕೇಳಲಿಲ್ಲ.

ನಮ್ಮ ತಂದೆ ಮನೆ ಕಟ್ಟುವ ಮೇಸ್ತ್ರಿ. ಹಳೆ ಮನೆಯನ್ನು ಅವರು ಅಡಿ ಲೆಕ್ಕದಲ್ಲಿ ಹೇಳುತ್ತಲೇ ಇರಲಿಲ್ಲ. ಎಂಟಂಕಣದ ಮನೆ, ಹತ್ತಂಕಣದ ಮನೆ ಅನ್ನುತ್ತಿದ್ದರು. ಎರಡು ಕಂಬದ ನಡುವಿನ ಜಾಗ ಒಂದು ಅಂಕಣ. ಅಂದರೆ ಎಣಿಕೆಗೆ ಬರುತ್ತಿದ್ದದ್ದು ಕಂಬ ಅಲ್ಲ, ಕಂಬಗಳ ನಡುವೆ ಬಿಟ್ಟ ಜಾಗ. ನಿಮ್ಮ ಪೆಟ್ಟಿಗೆಯ ಮಾತು ಓದುತ್ತಾ ಅದೇ ನೆನಪಾಯಿತು. 84 ಅಂಕಣದ ಸಾಲು ಅಂದರೆ ಚೆಂದ ಅಲ್ವಾ?

ಕೊಪ್ಪಳದಿಂದ, 1.45

ಚೆಂದ ಇದೆ ತಂಗಿ. ಆದರೆ ಅಂಕಣ ಅಂದರೆ ಈಗ ಪತ್ರಿಕೆಯ ಅಂಕಣ.

ಬಳ್ಳಾರಿಯಿಂದ, ಸಂಜೆ 5.10

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಊಟವಾದ ಮೇಲೆ ಪೆಟ್ಟಿಗೆ ಮುಂದೆ ಕೂತು ಒಂದೊಂದೇ ಪದ ಹೇಳಿ ನೋಡಿದೆ.

ಆ 8 ಎಚ್‌ಪಿ ಜಾಗಕ್ಕೆ ಮುಂದೆ ಒಂದು ಫಿಲ್ಟರ್ (ದನಿ ಸೋಸುವ ಭಾಗ) ಬರಲಿದೆ. ದುಡ್ಡು ಕೂಡಿದ ಮೇಲೆ. ಅಲ್ಲಿಯವರೆಗೆ ಅದು ಮನೆ ಖಾಲಿ ಇದ್ದ ಹಾಗೆಯೇ. ಹಾಗಾಗಿ ಅದು 'ಖಾಲಿ ತಗಡು'. ಕೊಪ್ಪಳದ ಗುರುಗಳು ಬೇಸರ ಮಾಡಿಕೊಳ್ಳಬಾರದು. ನಾಬುಗಳ ನಡುವಿನದು ಯಾವತ್ತೂ ತುಂಬಬಾರದ ಜಾಗ. ಅದು 'ತೆರಪು'. ಅಮ್ಮನ ಹತ್ತಿರ ಬೋರ್ಡು ಓದಿಸಿದೆ. ಎರಡನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ತಬಲಾ ಸರ್ ಹೇಳಿದ ಒಂಬತ್ತನೆಯ ಮಾತ್ರೆಯ ಮಾತನ್ನು ಮಕ್ಕಳಿಗೆ ಬಾಯಲ್ಲೇ ಹೇಳುತ್ತೇನೆ, ಕೈ ಬೀಸಿ ತೋರಿಸಿ.

ಅಂಕಣ ಮನಸ್ಸಿಗೆ ತುಂಬಾ ಹಿಡಿಸಿತು ಅಕ್ಕಾ. ಆದರೆ ನಾಳೆ ಮಾಡ್ಯೂಲ್ ಕೊಳ್ಳಲು ಹೋಗುವ ಹುಡುಗ ಅಂಗಡಿಯಲ್ಲಿ ಎಚ್‌ಪಿ ಅಂತಲೇ ಕೇಳಬೇಕು. ಅದಕ್ಕೇ ಎಚ್‌ಪಿ ಉಳಿಸಿದೆ.

ಬೋರ್ಡಿನ ಸಾಲು ಹೀಗಿದೆ: "ನಾಬುಗಳ ನಡುವಿನ ತೆರಪು ನಿಮ್ಮ ಬೆರಳಿಗೆ. ತಿರುಗಿಸಿ ನೋಡಿ." ತಪ್ಪಿದ್ದರೆ ಆರರೊಳಗೆ ತಿಳಿಸಿ.

ಕೊಪ್ಪಳದಿಂದ, 5.25

ಖಾಲಿ ಬಿಟ್ಟರೆ ಮಿಕ್ಕದ್ದು ಸರಿ ಇದೆ ತಮ್ಮಾ. ತೆರಪಿಗೆ ಸಾದಾ ರ ಹಾಕಿಸಿ. ಱ ಹಾಕಿಸಿದರೆ ಮಕ್ಕಳು ಓದಲಾರರು.