ಹಿಂದ್, ಹಿಂದಿ, ಹಿಂದೂ: ಊರೋ, ಭಾಷೆಯೋ, ಧರ್ಮವೋ?

ಹಿಂದಿಯಲ್ಲಿ ನಮ್ಮ ದೇಶಕ್ಕೆ ಒಂದೇ ಹೆಸರಿಲ್ಲ. ಭಾರತ್, ಹಿಂದೂಸ್ತಾನ್, ಹಿಂದ್ ಮೂರೂ ಬಳಕೆಯಲ್ಲಿವೆ, ಮಾತಿನಲ್ಲಿ ಇಂಡಿಯಾ ಬೇರೆ. ಸಂವಿಧಾನದ 1ನೇ ವಿಧಿ ಇಂಗ್ಲಿಷಿನಲ್ಲಿ ‘ಇಂಡಿಯಾ, ಅಂದರೆ ಭಾರತ’ ಎಂದು ಶುರುವಾಗುತ್ತದೆ. ಹಿಂದಿ ಪಠ್ಯದಲ್ಲಿ ಅದೇ ಮಾತು ‘ಭಾರತ್, ಅರ್ಥಾತ್ ಇಂಡಿಯಾ’ ಎಂದು ತಿರುಗಿದೆ. ಆ ವಿಧಿಯಲ್ಲಿ ಹಿಂದೂಸ್ತಾನ್ ಇಲ್ಲವೇ ಇಲ್ಲ. ಆದರೂ ಜನರ ಬಾಯಲ್ಲಿ ಅದು ಗಟ್ಟಿಯಾಗಿ ಉಳಿದಿದೆ.

ತೊಡಕಿರುವುದು ಈ ಹೆಸರಿನಲ್ಲೇ. ಹಿಂದೂಸ್ತಾನ್ ಅಂದರೆ ಹಿಂದೂಗಳ ನಾಡು, ಹಿಂದಿ ಅಂದರೆ ಹಿಂದೂಗಳ ಭಾಷೆ ಎಂದುಕೊಂಡವರು ತುಂಬಾ ಜನ. ಹೊರದೇಶದವರಂತೂ ‘ನೀವು ಹಿಂದೂ ಮಾತಾಡ್ತೀರಾ?’ ಎಂದೇ ಕೇಳಿಬಿಡುತ್ತಾರೆ.

ಮೂಲ ನೋಡಿದರೆ ಇದೆಲ್ಲ ಸಿಂಧು ನದಿಯಿಂದ ಬಂದದ್ದು. ಹಳೆಯ ಪರ್ಷಿಯನ್ನಿನಲ್ಲಿ ನಮ್ಮ ಸಕಾರ ಹಕಾರವಾಗುತ್ತದೆ. ಸುಮಾರು 2,500 ವರ್ಷಗಳ ಹಿಂದಿನ ಪರ್ಷಿಯಾದ ದೊರೆ ದರಾಯಸ್‌ನ ಶಾಸನಗಳಲ್ಲಿ ‘ಹಿಂದುಶ್’ ಎಂಬುದು ಅವನ ಆಳ್ವಿಕೆಯ ಒಂದು ಸೀಮೆ. ಅಲ್ಲಿ ಧರ್ಮದ ಸುಳಿವೇ ಇಲ್ಲ. ಗ್ರೀಕರು ಹಕಾರವನ್ನೂ ಬಿಟ್ಟರು, ಇಂಡಿಯಾ ಆಯಿತು. ಇರಾನಿನವನು ಇರಾನಿ, ಪಂಜಾಬಿನವನು ಪಂಜಾಬಿ ಆದ ಹಾಗೆ ಹಿಂದ್‌ಗೆ ಸೇರಿದ್ದೆಲ್ಲ ‘ಹಿಂದಿ’. ಅರಬ್ಬರು ಹುಣಸೆಹಣ್ಣನ್ನು ‘ತಮರ್ ಹಿಂದಿ’ ಎನ್ನುತ್ತಾರೆ, ಅಂದರೆ ಹಿಂದ್ ದೇಶದ ಖರ್ಜೂರ. ಇಂಗ್ಲಿಷಿನ ಟ್ಯಾಮರಿಂಡ್ ಹುಟ್ಟಿದ್ದು ಅದರಿಂದಲೇ. ಇಲ್ಲಿನ ‘ಹಿಂದಿ’ ಭಾಷೆಯೂ ಅಲ್ಲ, ಧರ್ಮವೂ ಅಲ್ಲ. ಬರೀ ಊರಿನ ಗುರುತು.

ಜನಗಣತಿಯ ಲೆಕ್ಕ ನೋಡಿದರೂ ಹಿಂದೂ, ಹಿಂದಿ ಬೇರೆ ಬೇರೆ ಎಂದು ಗೊತ್ತಾಗುತ್ತದೆ. 2011ರ ಜನಗಣತಿಯಲ್ಲಿ ಹಿಂದೂಗಳು ಸುಮಾರು ಶೇ. 80, ಹಿಂದಿಯನ್ನು ತಾಯ್ನುಡಿ ಎಂದವರು ಶೇ. 44ರ ಒಳಗೆ. ಆ ಹಿಂದಿಯವರಲ್ಲೂ ಎಲ್ಲ ಧರ್ಮದವರು ಇದ್ದಾರೆ. ಕನ್ನಡ, ತೆಲುಗು, ಬಂಗಾಳಿ ಆಡುವ ಕೋಟಿಗಟ್ಟಲೆ ಹಿಂದೂಗಳಿಗೆ ಹಿಂದಿ ಮನೆಮಾತಲ್ಲ.

ನಮ್ಮ ಕನ್ನಡದಲ್ಲೇ ಒಂದು ಒಳ್ಳೆ ಉದಾಹರಣೆ ಇದೆ. ನಾವು ‘ಹಿಂದೂ ಮಹಾಸಾಗರ’ ಎನ್ನುತ್ತೇವೆ. ಹಿಂದಿಯವರು ‘ಹಿಂದ್ ಮಹಾಸಾಗರ್’ ಎನ್ನುತ್ತಾರೆ. ನಮ್ಮ ‘ಹಿಂದೂ’ ಇಲ್ಲಿ ಹಳೆಯ ಭೂಗೋಳದ ಅರ್ಥವನ್ನೇ ಹಿಡಿದುಕೊಂಡಿದೆ, ಸಮುದ್ರಕ್ಕೆ ಯಾರೂ ಧರ್ಮ ಅಂಟಿಸಿಲ್ಲ ಅಲ್ವಾ? ಹಾಗಾಗಿ ಇದನ್ನು ಬದಲಿಸಬೇಕು ಎಂದು ನನಗೆ ಅನ್ನಿಸುವುದಿಲ್ಲ.

ನನ್ನ ಪ್ರಶ್ನೆ ಅನುವಾದದ್ದು. ಹಿಂದಿಯಲ್ಲಿ ಒಬ್ಬ ಮುಸ್ಲಿಮನೋ ಕ್ರೈಸ್ತನೋ ‘ಮೈ ಹಿಂದೂಸ್ತಾನೀ ಹೂ’ ಎಂದರೆ ಅಲ್ಲಿ ಯಾವ ಗೊಂದಲವೂ ಇಲ್ಲ. ಕನ್ನಡದಲ್ಲಿ ‘ನಾನು ಹಿಂದೂಸ್ತಾನಿ’ ಎಂದು ಬರೆದರೆ ಓದುಗರಿಗೆ ಮೊದಲು ನೆನಪಾಗುವುದು ಸಂಗೀತ. ಇಲ್ಲವೇ ಧರ್ಮದ ಕಡೆ ಮನಸ್ಸು ಹೋಗುತ್ತದೆ. ‘ಭಾರತೀಯ’ ಎಂದರೆ ಅರ್ಥ ಸರಿ, ಆದರೆ ಆಡುಮಾತಿನ ಆಪ್ತತೆ ಹೋಗಿ ಅರ್ಜಿಯ ಭಾಷೆಯಾಗುತ್ತದೆ. ಕತೆ, ಸಂಭಾಷಣೆಯಲ್ಲಿ ನಾನು ‘ಹಿಂದೂಸ್ತಾನದವನು’ ಎನ್ನುವ ಕಡೆಗೆ ವಾಲಿದ್ದೇನೆ. ‘-ದವನು’ ಬಂದ ಕೂಡಲೇ ಅದು ಊರಿನ ಮಾತಾಗುತ್ತದೆ.

ಜೊತೆಗೆ ಕಾಗುಣಿತದ ವಿಷಯ. ‘ಹಿಂದೂಸ್ಥಾನ’ ಎಂದು ಥಕಾರ ಹಾಕುವವರೂ ಇದ್ದಾರೆ. ಪರ್ಷಿಯನ್ನಿನ ‘ಸ್ತಾನ್’, ಸಂಸ್ಕೃತದ ‘ಸ್ಥಾನ’ ದಾಯಾದಿಗಳೇ, ಆದರೆ ಈ ಪದ ಬಂದದ್ದು ಪರ್ಷಿಯನ್ನಿನಿಂದ. ನಾನು ತಕಾರವನ್ನೇ ಬಳಸುತ್ತೇನೆ. ಅನುವಾದ ಮಾಡುವವರು ಈ ಎರಡನ್ನೂ ಹೇಗೆ ಬರೆಯುತ್ತೀರಿ? ಹಳೆಯ ಕನ್ನಡ ಪತ್ರಿಕೆಗಳಲ್ಲಿ ‘ಹಿಂದೂ’ ಎಂಬುದನ್ನು ‘ಈ ದೇಶದವನು’ ಎಂಬ ಅರ್ಥದಲ್ಲಿ ಬಳಸಿದ ವಾಕ್ಯಗಳನ್ನು ಕಂಡವರಿದ್ದರೆ ದಯವಿಟ್ಟು ವಾಕ್ಯ, ವರ್ಷದ ಸಮೇತ ತಿಳಿಸಿ.