ಪುಟ್ಟ ಮಕ್ಕಳೊಂದಿಗೆ ಹೋಟೆಲಿನ ಕುಟುಂಬ ಕೂಟ: ಹೋಗಿಬಂದವರು ಹೇಳಿ

ಕಿರಿಯ ಸೊಸೆ (ಕೇಳಿದವರು):
ಮಾವನವರು ಮುಂದಿನ ತಿಂಗಳು ನಿವೃತ್ತರಾಗುತ್ತಿದ್ದಾರೆ. ನಗರದ ನಡುವಿನ ಹೋಟೆಲೊಂದರಲ್ಲಿ ರಾತ್ರಿ 8ಕ್ಕೆ ಊಟ, ಒಟ್ಟು 22 ಜನ. ನಮಗೆ ಮೂರೂವರೆ ವರ್ಷದ ಮಗಳು, 11 ತಿಂಗಳ ಮಗ. ಮಗ ಏಳೂವರೆಗೆ ಮಲಗುವವನು. ತಪ್ಪಿದರೆ ರಚ್ಚೆ ಹಿಡಿಯುತ್ತಾನೆ. ಹೋಟೆಲು ಮೊದಲ ಮಹಡಿಯಲ್ಲಿದೆ, ಮಕ್ಕಳ ಎತ್ತರದ ಕುರ್ಚಿ ಒಂದೇ ಇದೆಯಂತೆ. ಇಬ್ಬರನ್ನೂ ಕರೆದೊಯ್ಯಲೇ, ಚಿಕ್ಕವನನ್ನು ನನ್ನ ಅಮ್ಮನ ಬಳಿ ಬಿಡಲೇ, ಇಲ್ಲವೇ ನಾನೇ ಮನೆಯಲ್ಲಿ ಉಳಿಯಲೇ? ಅನುಭವ ಇದ್ದವರು ತಿಳಿಸಿ.

ಬಿಸಿ ತಾಗಿದವಳು:
ಎಂಟು ಗಂಟೆಯ ಊಟ ಎಂದರೆ ಎಂಟಕ್ಕೆ ಊಟ ಎಂದು ನಂಬಿದವಳು ನಾನು. ನಾವು ಆ ಬೀದಿ ತಲುಪಿದ್ದು 7:50ಕ್ಕೆ. ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲಿ 25 ನಿಮಿಷ. ಎಲ್ಲರೂ ಬರಲಿ ಎಂದು 8:40ರವರೆಗೆ ಕಾದರು. ಮೊದಲ ತಟ್ಟೆ ಮೇಜಿಗೆ ಬಂದಾಗ 9:20. ಅಷ್ಟರಲ್ಲಿ ಎರಡು ವರ್ಷದ ನನ್ನ ಮಗ ಕಾಗದದ ಕರವಸ್ತ್ರಗಳನ್ನೆಲ್ಲ ಹರಿದು, ಉಪ್ಪಿನ ಡಬ್ಬಿ ಮಗುಚಿ, ಮೇಜಿನ ಕೆಳಗೆ ಮೂರು ಸುತ್ತು ಹಾಕಿದ್ದ. ನಾದಿನಿ ಚಹಾ ತರಿಸಿಕೊಂಡು ಮಾತಿಗೆ ಕುಳಿತಿದ್ದರು. ಅವನು ಮೇಜಿನ ಬಟ್ಟೆಯ ಅಂಚು ಹಿಡಿದು ಏಳಲು ನೋಡಿದ. ಲೋಟ ಅವನ ಕೈಮೇಲೆ ಮಗುಚಿತು.

ಮುಂದಿನ 20 ನಿಮಿಷ ನಾನು ಬೇಸಿನ್ನಿನ ಮುಂದೆ, ಅವನ ಮುಂಗೈಯನ್ನು ತಣ್ಣನೆಯ ನಲ್ಲಿನೀರಿನ ಕೆಳಗೆ ಹಿಡಿದು ನಿಂತಿದ್ದೆ. ಸೊಂಟದ ಮೇಲೆ ಮಗು, ನನ್ನ ತೋಳಿನಿಂದ ನೀರು ಒಳಗಿಳಿದು ರವಿಕೆಯೆಲ್ಲ ಒದ್ದೆ. ಹಿಂದೆ ಯಾರೋ ಒಬ್ಬರು ಕೈ ತೊಳೆಯಬೇಕೆಂದು ನಾಲ್ಕು ಬಾರಿ ಕೆಮ್ಮಿದರು. ಒಬ್ಬರು ಮಂಜುಗಡ್ಡೆ ತಂದರು, ಇನ್ನೊಬ್ಬರು ಹಲ್ಲುಜ್ಜುವ ಪೇಸ್ಟು ಹಚ್ಚು ಎಂದರು. ಎರಡೂ ಕೂಡದು, ನೀರು ಮಾತ್ರ ಎಂದು ಗೊತ್ತಿದ್ದರಿಂದ ಮಗನ ಕೈಯಲ್ಲಿ ಇಂದು ಕಲೆಯಿಲ್ಲ. ಮಾಡಿದ ಕಾಲು ಗಂಟೆಯ ನಂತರವೂ ಚಹಾ ಮಗುವಿನ ಚರ್ಮವನ್ನು ಬೇಯಿಸಬಲ್ಲದು ಎಂದು ಅಂದು ರಾತ್ರಿ ವೈದ್ಯರು ಹೇಳಿದರು. ನಾದಿನಿ ಹೇಳಿದ್ದು ಬೇರೆ: "ನೀನು ಎಲ್ಲಿ ನೋಡುತ್ತಿದ್ದೆ?" ಮೂರು ವರ್ಷವಾಯಿತು, ಆ ಮಾತು ಇನ್ನೂ ಚುಚ್ಚುತ್ತದೆ.

ಹಳೆಯ ಕಾಲದ ಅಜ್ಜ:
ನಾಲ್ಕು ಮಕ್ಕಳನ್ನು ಬೆಳೆಸಿದವನು ನಾನು. ಎತ್ತರದ ಕುರ್ಚಿಯೂ ಇರಲಿಲ್ಲ, ತಗ್ಗಿನ ಕುರ್ಚಿಯೂ ಇರಲಿಲ್ಲ. ಎಲ್ಲಿಗೆ ಹೋದರೂ ನಾಲ್ವರೂ ಸಾಲಾಗಿ ಕೂರುತ್ತಿದ್ದರು. ಹುಬ್ಬು ಏರಿಸಿದರೆ ಸಾಕು, ಉಸಿರು ಬಿಡುತ್ತಿರಲಿಲ್ಲ. ಈಗಿನವರು ಮಗುವನ್ನು ಊಟಕ್ಕೆ ಕರೆದೊಯ್ಯುವುದಕ್ಕೆ ಯುದ್ಧಕ್ಕೆ ಹೊರಟಂತೆ ಸಿದ್ಧತೆ ಮಾಡುತ್ತಾರೆ. ಕರೆದುಕೊಂಡು ಹೋಗಿ. ಮಕ್ಕಳು ನೋಡಿಯೇ ಕಲಿಯುವುದು.

ಬಿಸಿ ತಾಗಿದವಳು:
ಅಜ್ಜ, ನಿಮ್ಮ ಹುಬ್ಬು ಏರಿದಾಗ ಆ ನಾಲ್ವರಿಗೂ ಉಣಿಸುತ್ತಿದ್ದವರು ಯಾರು? ಅಜ್ಜಿಯವರನ್ನು ಇಲ್ಲಿ ಬರೆಯಲು ಹೇಳಿ.

ಹಳೆಯ ಕಾಲದ ಅಜ್ಜ:
ಅವಳಿಗೆ ಇಂಥದಕ್ಕೆಲ್ಲ ಸಮಯವಿಲ್ಲ.

ಬಿಸಿ ತಾಗಿದವಳು:
ಅದನ್ನೇ ನಾನೂ ಹೇಳಿದ್ದು.

ಮೊಬೈಲ್ ಕೊಟ್ಟ ಅಪ್ಪ:
ಬೈಯುವವರು ಬೈಯಲಿ, ನಾನು ಮೊಬೈಲ್ ಕೊಟ್ಟೆ. ಭಾವನ ಮದುವೆಯ ವಾರ್ಷಿಕೋತ್ಸವ, 18 ಜನ, ಮಗನಿಗೆ ಮೂರು ವರ್ಷ. ಬಣ್ಣದ ಕಡ್ಡಿಗಳನ್ನು ಒಯ್ದಿದ್ದೆ. 11 ನಿಮಿಷ ನಡೆಯಿತು. ಅಂಟುಚಿತ್ರಗಳ ಹಾಳೆ 6 ನಿಮಿಷ. ಚಿಕ್ಕ ಕಾರು ಎರಡು ನಿಮಿಷ, ಆಮೇಲೆ ಅದು ಪಕ್ಕದ ಮೇಜಿನವರ ಕಾಲ ಕೆಳಗೆ. ಆಗ ಮೊಬೈಲ್ ಹೊರಬಂತು, ಎಲ್ಲರೂ ಉಂಡರು. ನಾನೂ ಎಷ್ಟೋ ತಿಂಗಳ ನಂತರ ಬಿಸಿ ಊಟ ಉಂಡೆ.

ಪೆಟ್ಟು ಬಿದ್ದದ್ದು ಬೇರೆ ಕಡೆ. ಸೂಪಿನ ಬಟ್ಟಲಿಗೆ ಒರಗಿಸಿ ಇಟ್ಟಿದ್ದೆ. ಸಪ್ಲೈಯರ್ ಬಟ್ಟಲನ್ನು ಸರಿಸಿದರು, ಮೊಬೈಲ್ ಒಳಗೆ ಜಾರಿತು. ಪರದೆ ಬದಲಿಸಲು ತೆತ್ತದ್ದು ಅಂದಿನ ಊಟದಲ್ಲಿ ನಮ್ಮ ಮೂವರ ಪಾಲಿನ ಎರಡೂವರೆ ಪಟ್ಟು. ಧ್ವನಿವರ್ಧಕದ ತೂತಿನಲ್ಲಿ ಸೂಪು ಒಣಗಿ, ಇಂದಿಗೂ ಯಾರು ಕರೆ ಮಾಡಿದರೂ ನೀರಿನೊಳಗಿಂದ ಮಾತನಾಡಿದಂತೆ ಕೇಳುತ್ತದೆ. ಮತ್ತೆ ಕೊಡುತ್ತೀರಾ ಎಂದರೆ, ಕೊಡುತ್ತೇನೆ. ಆದರೆ ಹಳೆಯ ಮೊಬೈಲನ್ನು.

ಕಟ್ಟುನಿಟ್ಟಿನ ಅಮ್ಮ:
ಇದನ್ನು ಹೆಮ್ಮೆಯಿಂದ ಬೇರೆ ಬರೆಯುತ್ತೀರಲ್ಲ! ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಎರಡು ವರ್ಷದೊಳಗಿನವರಿಗೆ ಪರದೆಯೇ ಬೇಡ, ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ. ಅದೇ ಕಡತದಲ್ಲಿ ನಿದ್ದೆಯ ಲೆಕ್ಕವೂ ಇದೆ. ನಾಲ್ಕರಿಂದ 11 ತಿಂಗಳಿನ ಮಗುವಿಗೆ ಹಗಲಿನದೂ ಸೇರಿ 12ರಿಂದ 16 ಗಂಟೆ, ಮೂರು-ನಾಲ್ಕು ವರ್ಷದವರಿಗೆ 10ರಿಂದ 13. ರಾತ್ರಿ ಹನ್ನೊಂದಕ್ಕೆ ಮನೆ ಸೇರಿದರೆ ಇದು ಎಲ್ಲಿಂದ ಬರಬೇಕು?

ನಾನು ಮಾಡಿದ್ದು ಒಂದೇ. ಅತ್ತೆಯವರ ಹುಟ್ಟುಹಬ್ಬದ ಕೂಟವನ್ನು ರಾತ್ರಿಯಿಂದ ಮಧ್ಯಾಹ್ನ ಹನ್ನೆರಡಕ್ಕೆ ತಂದೆ. ಹೋಟೆಲು ಖಾಲಿ ಇತ್ತು, ಊಟ 20 ನಿಮಿಷದಲ್ಲಿ ಬಂತು, ಮಕ್ಕಳು ಉಂಡರು, ಎರಡಕ್ಕೆ ಮನೆಯಲ್ಲಿ ಮಲಗಿದ್ದರು. ಇದಕ್ಕಾಗಿ ಒಂಬತ್ತು ಫೋನ್ ಕರೆ, ಎರಡು ಜಗಳ. ದೊಡ್ಡ ಓರಗಿತ್ತಿ ಅರ್ಧ ದಿನದ ರಜೆ ಹಾಕಬೇಕಾಯಿತು ಎಂದು ಇಂದಿಗೂ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಬಿಡಲಿ.

ಮೊಬೈಲ್ ಕೊಟ್ಟ ಅಪ್ಪ:
ದಿನಕ್ಕೆ ಒಂದು ಗಂಟೆ ಎಂದು ನೀವೇ ಬರೆದಿದ್ದೀರಿ. ನಾನು ಕೊಟ್ಟದ್ದು 40 ನಿಮಿಷ, ಮಗನಿಗೆ ಮೂರು ವರ್ಷ. ಸಂಸ್ಥೆ ನನ್ನ ಪರವಾಗಿಯೇ ಇದೆ.

ಕಟ್ಟುನಿಟ್ಟಿನ ಅಮ್ಮ:
ಕಡಿಮೆಯಿದ್ದಷ್ಟೂ ಒಳ್ಳೆಯದು ಎಂಬ ಮಾತೂ ಅಲ್ಲೇ ಇದೆ. ಅದನ್ನು ಮಾತ್ರ ಸೂಪಿಗೆ ಬೀಳಿಸಿದಿರಾ?

ಲೆಕ್ಕ ಬರೆದಿಟ್ಟವನು:
ನಿದ್ದೆ, ಪರದೆ ಎಲ್ಲ ಇರಲಿ. ಬಿಲ್ಲು ಹೇಗೆ ಹಂಚುತ್ತಾರೆ ಎಂದು ಮೊದಲು ಕೇಳಿಕೊಂಡಿರಾ? ನಮ್ಮಲ್ಲಿ ನಾಲ್ಕು ಮನೆ, 17 ತಲೆ. ಅದರಲ್ಲಿ ಐದು ಮಕ್ಕಳು, ಆ ಐದರಲ್ಲಿ ಮೂರು ನನ್ನವು. ನನ್ನ ಅಣ್ಣ ಎದ್ದು "ತಲೆಗಿಷ್ಟು ಎಂದು ಹಂಚೋಣ" ಎಂದ. ನನ್ನ ಪಾಲು 17ರಲ್ಲಿ ಐದು, ಅಂದರೆ ನೂರಕ್ಕೆ 29ಕ್ಕಿಂತ ಹೆಚ್ಚು. ಮಕ್ಕಳನ್ನು ಅರ್ಧ ತಲೆ ಎಂದು ಹಿಡಿದಿದ್ದರೆ ಹದಿನಾಲ್ಕೂವರೆಯಲ್ಲಿ ಮೂರೂವರೆ, ನೂರಕ್ಕೆ 24. ಮನೆಗೊಂದು ಪಾಲು ಎಂದಿದ್ದರೂ 25ಕ್ಕೆ ಮುಗಿಯುತ್ತಿತ್ತು. ನನ್ನ ಮೂವರು ತಿಂದದ್ದು ಇಷ್ಟು: ದೊಡ್ಡವನು ಒಂದು ತುಂಡು ಬ್ರೆಡ್ಡು, ನಡುವಿನವಳು ಅರ್ಧ ಬಟ್ಟಲು ಐಸ್‌ಕ್ರೀಂ, ಒಂದೂವರೆ ವರ್ಷದವನು ಊಟದ ಪಟ್ಟಿಯ ಒಂದು ಮೂಲೆ. ಆ ಕಾಗದದ ಮೂಲೆಗೆ ನಾನು ಒಬ್ಬ ದೊಡ್ಡ ಮನುಷ್ಯನ ಊಟದ ಹಣ ಕೊಟ್ಟಿದ್ದೇನೆ.

ಇಬ್ಬರ ಮನೆಯವನು:
ನಿಮ್ಮ ಅಣ್ಣನ ಜಾಗದಲ್ಲಿ ಕುಳಿತು ಬರೆಯುತ್ತಿದ್ದೇನೆ. ನಾವು ಗಂಡ ಹೆಂಡತಿ ಇಬ್ಬರೇ. ಕಳೆದ ಕೂಟದಲ್ಲಿ ಮಕ್ಕಳು ಮೂರು ಗಾಜಿನ ಲೋಟ ಒಡೆದರು. ಲೋಟದ ಹಣವನ್ನೂ ಬಿಲ್ಲಿಗೆ ಸೇರಿಸಿ ತಲೆಗಿಷ್ಟು ಎಂದರು. ನಾವು ಒಡೆಯದ ಲೋಟಕ್ಕೂ ಪಾಲು ಕೊಟ್ಟೆವು. ನನ್ನ ಹೆಂಡತಿಯ ಸೀರೆಯ ಮೇಲೆ ಹಣ್ಣಿನ ರಸ, ನನ್ನ ತಟ್ಟೆಯಲ್ಲಿ ಯಾರದೋ ಮಗುವಿನ ಕೈ. ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ಪುತ್ತೇನೆ. ಆದರೆ ಹೆಗ್ಗಣ ನನ್ನ ತಟ್ಟೆಗೆ ಕೈ ಹಾಕಿದಾಗ ನಾನೂ ಮುದ್ದು ಮಾಡಬೇಕು ಎಂಬ ನಿಯಮ ಎಲ್ಲಿದೆ? ಓಡಾಡುವ ಮಕ್ಕಳ ನಡುವೆ ಸಪ್ಲೈಯರ್ ಕುದಿಯುವ ಪಾತ್ರೆ ಹೊತ್ತು ಬರುವುದನ್ನು ಒಮ್ಮೆ ನೋಡಿ. ಹೆತ್ತವರು ಮಾತಿನಲ್ಲಿರುತ್ತಾರೆ. ನೋಡುವವನು ನಾನೊಬ್ಬನೇ.

ಲೆಕ್ಕ ಬರೆದಿಟ್ಟವನು:
ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರು ನಮಗೆ ಬುದ್ಧಿ ಹೇಳುವುದು ಬೇಡ. ನಿಮಗೂ ಒಂದು ಆಗಲಿ, ಆಗ ಬರೆಯಿರಿ.

ಇಬ್ಬರ ಮನೆಯವನು:
ಕುಲಾವಿ ಹೊಲಿಸಿ ಒಂಬತ್ತು ವರ್ಷವಾಯಿತು. ಕಪಾಟಿನ ಮೇಲಿನ ಖಾನೆಯಲ್ಲಿದೆ.

ಬಿಸಿ ತಾಗಿದವಳು:
ಲೆಕ್ಕದವರೇ, ನಿಮ್ಮ ನೂರಕ್ಕೆ 29 ನಿಮ್ಮೊಂದಿಗೇ ಇರಲಿ. ಇಂಥ ಮಾತಿಗೆ ಪಾಲು ಯಾರು ಕೊಡುತ್ತಾರೆ?

ಲೆಕ್ಕ ಬರೆದಿಟ್ಟವನು:
ನನಗೆ ಗೊತ್ತಿರಲಿಲ್ಲ. ತಪ್ಪಾಯಿತು. ಲೋಟದ ಹಣ ಒಡೆದವರೇ ಕೊಡಬೇಕಿತ್ತು, ಅದು ನ್ಯಾಯ. ಆದರೆ ತಲೆ ಲೆಕ್ಕದ ವಿಷಯದಲ್ಲಿ ನಾನು ಹೇಳಿದ್ದು ಸುಳ್ಳಲ್ಲ.

ಮಕ್ಕಳ ವಾರ್ಡಿನ ನರ್ಸ್:
ಜಗಳ ಮುಗಿದಿದ್ದರೆ ನನ್ನದೂ ಇರಲಿ. ಹತ್ತು ವರ್ಷ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದವಳಿಗೇ ಇದು ಆಯಿತು. ತಂಗಿಯ ಮಗುವಿಗೆ ಆಗ ಹತ್ತು ತಿಂಗಳು. ಹೋಟೆಲಿನಲ್ಲಿ 20 ಜನ ಸೇರಿದ್ದೆವು, ಮಗು ಒಬ್ಬರ ತೊಡೆಯಿಂದ ಒಬ್ಬರ ತೊಡೆಗೆ. ಇಂಥ ಕೂಟದ ಅಪಾಯವೇ ಅದು: ಎಲ್ಲರೂ ಎತ್ತಿಕೊಂಡಿರುತ್ತಾರೆ, ನೋಡುವವರು ಯಾರೂ ಇರುವುದಿಲ್ಲ. ಯಾರೋ ಪ್ರೀತಿಯಿಂದ ಇಡೀ ದ್ರಾಕ್ಷಿ ಬಾಯಿಗಿಟ್ಟರು.

ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಅದು ಕೆಮ್ಮುತ್ತಿರಲಿಲ್ಲ. ಬಾಯಿ ತೆರೆದಿತ್ತು, ಸದ್ದಿಲ್ಲ. ಮೇಜಿನ ಆ ತುದಿಯಲ್ಲಿ ಯಾರೋ ಜೋರಾಗಿ ನಗುತ್ತಿದ್ದರು. ನಾನು ಕಿತ್ತುಕೊಂಡು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಹೊಡೆದೆ. ಐದು ಬಾರಿ ಹೊಡೆಯಬೇಕು. ಬಾರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಬಾರಿ ಒತ್ತಬೇಕು. ಒಂದು ವರ್ಷದೊಳಗಿನ ಮಗುವಿಗೆ ಹೊಟ್ಟೆ ಒತ್ತಬಾರದು. ನಾಲ್ಕನೆಯ ಏಟಿಗೆ ಹೊರಬಂತು. ನೆಲದ ಮೇಲೆ ಉರುಳಿದ ಆ ದ್ರಾಕ್ಷಿಗೆ ಹಲ್ಲಿನ ಒಂದು ಗೀರೂ ಇರಲಿಲ್ಲ.

ಮಗು ಅತ್ತಾಗ ಪಕ್ಕದ ಮೇಜಿನವರು "ಸದ್ದು ಜಾಸ್ತಿಯಾಯಿತು" ಎಂದರು. ನನಗೆ ಅಷ್ಟು ಇಂಪಾದ ಅಳು ಇನ್ನೊಂದಿಲ್ಲ.

ದ್ರಾಕ್ಷಿಯನ್ನು ಐದು ವರ್ಷದವರೆಗೂ ಉದ್ದಕ್ಕೆ ನಾಲ್ಕಾಗಿ ಸೀಳಿಯೇ ಕೊಡಬೇಕು, ಗೋಡಂಬಿ, ಕಡಲೆಯಂಥ ಬೀಜಗಳನ್ನು ಇಡಿಯಾಗಿ ಕೊಡಲೇಬಾರದು. ನಿಮ್ಮ 11 ತಿಂಗಳಿನವನಿಗೆ ಜೇನು ಹಚ್ಚಿದ ಏನನ್ನೂ ನೆಕ್ಕಿಸಲು ಬಿಡಬೇಡಿ. ಒಂದು ವರ್ಷ ತುಂಬುವವರೆಗೆ ಅದರಲ್ಲಿನ ಕೀಟಾಣು ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಹುದು.

ಹಳೆಯ ಕಾಲದ ಅಜ್ಜ:
ನಮ್ಮ ನಾಲ್ವರೂ ಜೇನು ನೆಕ್ಕಿಯೇ ಬೆಳೆದರು. ಏನೂ ಆಗಲಿಲ್ಲ.

ಮಕ್ಕಳ ವಾರ್ಡಿನ ನರ್ಸ್:
ಆಗದವರು ವಾರ್ಡಿಗೆ ಬರುವುದಿಲ್ಲ. ನಾನು ನೋಡಿದ್ದು ಬಂದವರನ್ನು.

ಮೆಟ್ಟಿಲು ಎಣಿಸಿದವಳು:
ಮೊದಲ ಮಹಡಿ ಎಂದಿರಲ್ಲ, ಲಿಫ್ಟ್ ಇದೆಯೇ ಎಂದು ಯಾರೂ ಕೇಳಲಿಲ್ಲ. ನಮ್ಮಲ್ಲಿ ಇತ್ತು, ಕೆಟ್ಟಿತ್ತು. 26 ಮೆಟ್ಟಿಲು. ತಳ್ಳುಗಾಡಿ, ಮಲಗಿದ ಮಗು, ಬಟ್ಟೆಯ ಚೀಲ. ಗಂಡ ಕಾರು ನಿಲ್ಲಿಸಲು ಹೋಗಿದ್ದರು. ಮೇಲೆ ಹೋದರೆ ತಳ್ಳುಗಾಡಿಗೆ ಜಾಗವಿಲ್ಲ, ಕೆಳಗೆ ಬಿಟ್ಟು ಬನ್ನಿ ಎಂದರು. ಮತ್ತೆ 26, ಮತ್ತೆ 26. ಡೈಪರ್ ಬದಲಿಸಲು ಶೌಚಾಲಯದಲ್ಲಿ ಒಂದು ಹಲಗೆಯೂ ಇರಲಿಲ್ಲ. ಮುಚ್ಚಿದ ಕಮೋಡಿನ ಮೇಲೆ ಕುಳಿತು ತೊಡೆಯ ಮೇಲೆ ಬದಲಿಸಿದೆ. ಎತ್ತರದ ಕುರ್ಚಿಗೆ ಸೊಂಟಪಟ್ಟಿ ಇದೆಯೇ ಎಂದೂ ಕೇಳಿಕೊಳ್ಳಿ. ನಮಗೆ ಕೊಟ್ಟದ್ದರ ಪಟ್ಟಿ ಯಾವಾಗಲೋ ಕಿತ್ತುಹೋಗಿತ್ತು. ದುಪ್ಪಟ್ಟಾದಿಂದ ಕಟ್ಟಿದೆ.

ಕಟ್ಟುನಿಟ್ಟಿನ ಅಮ್ಮ:
ದುಪ್ಪಟ್ಟಾದಿಂದ ಮಗುವನ್ನು ಕಟ್ಟುವುದೇ? ಜಾರಿದರೆ ಕುತ್ತಿಗೆಗೆ ಬರುತ್ತದೆ!

ಮೆಟ್ಟಿಲು ಎಣಿಸಿದವಳು:
ನಾನು ಕಟ್ಟಿದ್ದು ಸೊಂಟಕ್ಕೆ. ನೀವು ಮಧ್ಯಾಹ್ನ ಹನ್ನೆರಡಕ್ಕೆ ಉಣ್ಣುವವರು, ನಿಮಗೆ ಇದೆಲ್ಲ ಹೇಗೆ ತಿಳಿಯಬೇಕು.

ಇಬ್ಬರ ಮನೆಯವನು:
ಕೇಳಿದವರಿಗೆ ಒಂದು ಮಾತು. ನಿಮ್ಮ ಮೂರೂವರೆ ವರ್ಷದವಳನ್ನು ನನ್ನಂಥ ಯಾರಾದರೂ ಇಬ್ಬರ ನಡುವೆ ಕೂರಿಸಿ. ಸೀರೆಯ ಮೇಲೆ ರಸ ಚೆಲ್ಲಿದ ಹುಡುಗಿ ಆಮೇಲೆ ನನ್ನ ಹೆಂಡತಿಯ ತೊಡೆಯ ಮೇಲೆಯೇ ಮಲಗಿದ್ದಳು. ಕಾಲು ಜೋಮು ಹಿಡಿದರೂ ಅವಳು ಅಲುಗಲಿಲ್ಲ. ಆ ಸೀರೆಯನ್ನು ಇಂದಿಗೂ ಡ್ರೈಕ್ಲೀನಿಂಗ್‌ಗೆ ಕೊಡಲು ಬಿಡುತ್ತಿಲ್ಲ.

ಕಿರಿಯ ಸೊಸೆ:
ಎಲ್ಲರಿಗೂ ಧನ್ಯವಾದ. ಚಿಕ್ಕವನನ್ನು ಏನು ಮಾಡಲಿ ಎಂದು ಯಾರೂ ಹೇಳದಿದ್ದರೂ, ಇದನ್ನೆಲ್ಲ ಮಾವನವರಿಗೆ ಓದಿ ಹೇಳಿದೆ. ದ್ರಾಕ್ಷಿಯವರೆಗೆ ಸುಮ್ಮನೆ ಕೇಳಿದರು. ಆಮೇಲೆ, "ನನಗೂ ಎಂಟು ಗಂಟೆಗೆ ನಿದ್ದೆ ಬರುತ್ತದಮ್ಮ, ಯಾರೂ ಕೇಳಲಿಲ್ಲ" ಎಂದರು. ಊಟ ಮಧ್ಯಾಹ್ನಕ್ಕೆ ಬಂದಿದೆ. ಲಿಫ್ಟಿನ ಬಗ್ಗೆ ನಾಳೆ ಫೋನ್ ಮಾಡುತ್ತೇನೆ.

ಲೆಕ್ಕ ಬರೆದಿಟ್ಟವನು:
ಫೋನ್ ಮಾಡುವಾಗ 11 ತಿಂಗಳಿನವನನ್ನು ತಲೆ ಎಂದು ಹಿಡಿಯುತ್ತಾರೆಯೇ, ಅದನ್ನೂ ಕೇಳಿ.