ಒಂದೇ ಕ್ಲಿಪ್‌ನಲ್ಲಿ ಎಡಗಡೆ ಒಬ್ಬರ ದನಿ, ಬಲಗಡೆ ಇನ್ನೊಬ್ಬರದು, ಇದನ್ನ ಎರಡು ಟ್ರ್ಯಾಕ್ ಮಾಡೋದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಒಂದು ಸಂದರ್ಶನದ ವಿಡಿಯೋ ಎಡಿಟ್ ಮಾಡ್ತಾ ಇದೀನಿ. ಇಬ್ಬರಿಗೂ ಬೇರೆ ಬೇರೆ ಕಾಲರ್ ಮೈಕ್, ಆದ್ರೆ ರಿಸೀವರ್ ಒಂದೇ, ಅದ್ರಿಂದ ಒಂದೇ ಕೇಬಲ್‌ನಲ್ಲಿ ಕ್ಯಾಮೆರಾಗೆ ಹೋಗಿದೆ. ಈಗ ಹೆಡ್‌ಫೋನ್ ಹಾಕ್ಕೊಂಡು ಕೇಳಿದ್ರೆ ಪ್ರಶ್ನೆ ಕೇಳೋರು ಎಡಗಿವೀಲಿ, ಉತ್ತರ ಕೊಡೋರು ಬಲಗಿವೀಲಿ, ಹತ್ತು ನಿಮಿಷ ಕೇಳೋಷ್ಟರಲ್ಲಿ ತಲೆ ಸುತ್ತತ್ತೆ. ಟೈಮ್‌ಲೈನ್‌ನಲ್ಲಿ ನೋಡಿದ್ರೆ ಒಂದೇ ಸ್ಟೀರಿಯೋ (ಎಡ, ಬಲ ಎರಡು ಚಾನೆಲ್ ಇರೋ) ಕ್ಲಿಪ್. ಉತ್ತರ ಕೊಡೋರ ದನಿ ತುಂಬಾ ಮೆಲ್ಲಗಿದೆ, ಅವರದನ್ನ ಏರಿಸೋಣ ಅಂತ ವಾಲ್ಯೂಮ್ ಎಳೆದ್ರೆ ಇಬ್ಬರದೂ ಏರತ್ತೆ. ನಂಗೆ ಬೇಕಾಗಿರೋದು ಎರಡು: ಇಬ್ಬರೂ ಎರಡೂ ಕಿವೀಲಿ ಕೇಳಿಸ್ಬೇಕು, ಒಬ್ಬೊಬ್ಬರ ವಾಲ್ಯೂಮ್ ಬೇರೆ ಬೇರೆಯಾಗಿ ಕೈಗೆ ಸಿಗ್ಬೇಕು. ನಾನು ಬಳಸ್ತಿರೋದು ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್.

ಉತ್ತರ 1

ಇಷ್ಟಕ್ಕೆ ಯಾಕೆ ಚಿಂತೆ, ಎಕ್ಸ್‌ಪೋರ್ಟ್ ಮಾಡುವಾಗ ಆಡಿಯೋನ ಮೋನೋ (ಒಂದೇ ಚಾನೆಲ್) ಕೊಟ್ಬಿಡಿ, ಇಬ್ಬರೂ ನಡುವಿಗೆ ಬರ್ತಾರೆ.

ಉತ್ತರ 2

ಬೇಡ, ದಯವಿಟ್ಟು ಹಾಗೆ ಮಾಡ್ಬೇಡಿ. ಮೋನೋ ಮಾಡಿದ್ರೆ ಎಡ ಬಲ ಎರಡೂ ಬೆರೆತು ಒಂದಾಗತ್ತೆ, ಬೆರೆತ ಮೇಲೆ ಬೇರೆ ಮಾಡೋಕೆ ಸುಲಭದ ದಾರಿ ಇಲ್ಲ. ನಿಮ್ಮ ಮೊದಲನೇ ಆಸೆ ಈಡೇರತ್ತೆ, ಎರಡನೇದು ಕೈತಪ್ಪತ್ತೆ. ಇಬ್ಬರ ದನಿ ಬೇರೆ ಬೇರೆ ಚಾನೆಲ್‌ನಲ್ಲಿ ಸಿಕ್ಕಿರೋದೇ ದೊಡ್ಡ ಅನುಕೂಲ, ಅದನ್ನ ಕೊನೇವರೆಗೂ ಉಳಿಸ್ಕೊಳ್ಳಿ.

ರಿಸಾಲ್ವ್‌ನಲ್ಲಿ ಈ ಕೆಲಸ ಟೈಮ್‌ಲೈನ್‌ಗೆ ಹಾಕೋ ಮುಂಚೆನೇ ಮಾಡಿದ್ರೆ ಸುಲಭ. ಮೀಡಿಯಾ ಪೂಲ್‌ನಲ್ಲಿ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ ಕ್ಲಿಪ್ ಅಟ್ರಿಬ್ಯೂಟ್ಸ್ ತೆಗೀರಿ, ಆಡಿಯೋ ಟ್ಯಾಬ್‌ಗೆ ಹೋಗಿ. ಅಲ್ಲಿ ಫಾರ್ಮ್ಯಾಟ್ ಸ್ಟೀರಿಯೋ ಅಂತ ಇರತ್ತೆ, ಅದನ್ನ ಮೋನೋ ಮಾಡಿ ಸೋರ್ಸ್ ಚಾನೆಲ್ 1 ಕೊಡಿ, ಆಮೇಲೆ ಇನ್ನೊಂದು ಟ್ರ್ಯಾಕ್ ಸೇರಿಸಿ ಅದಕ್ಕೂ ಮೋನೋ, ಸೋರ್ಸ್ ಚಾನೆಲ್ 2. ಈಗ ಕ್ಲಿಪ್‌ನ ಟೈಮ್‌ಲೈನ್‌ಗೆ ಎಳೆದ್ರೆ ವಿಡಿಯೋ ಕೆಳಗೆ ಎರಡು ಆಡಿಯೋ ಬರತ್ತೆ, ಒಂದು ಇವರದು ಒಂದು ಅವರದು, ಎರಡೂ ನಡುವಲ್ಲೇ ಕೇಳಿಸತ್ತೆ.

ಈಗಾಗ್ಲೇ ಟೈಮ್‌ಲೈನ್‌ನಲ್ಲಿ ಕತ್ತರಿಸಿ ಮುಗಿಸಿದ್ರೂ ಪರವಾಗಿಲ್ಲ. ಆಡಿಯೋ ಕ್ಲಿಪ್‌ಗಳನ್ನ ಕಾಪಿ ಮಾಡಿ ಅದೇ ಜಾಗಕ್ಕೆ ಸರಿಯಾಗಿ ಕೆಳಗಿನ ಟ್ರ್ಯಾಕ್‌ಗೆ ಹಾಕಿ, ಕ್ಲಿಪ್ ಅಟ್ರಿಬ್ಯೂಟ್ಸ್‌ನಲ್ಲಿ ಮೇಲಿನವಕ್ಕೆ ಮೋನೋ, ಚಾನೆಲ್ 1, ಕೆಳಗಿನವಕ್ಕೆ ಚಾನೆಲ್ 2 ಕೊಡಿ.

ಉತ್ತರ 3

ಮೇಲಿನವರು ಹೇಳಿದ್ದು ಸರಿ. ಪ್ರೀಮಿಯರ್ ಪ್ರೋ ಬಳಸೋರು ಯಾರಾದ್ರೂ ಇದನ್ನ ಓದ್ತಿದ್ರೆ, ಅಲ್ಲೂ ದಾರಿ ಹೆಚ್ಚುಕಮ್ಮಿ ಇದೇ. ಪ್ರಾಜೆಕ್ಟ್ ಪ್ಯಾನೆಲ್‌ನಲ್ಲಿ ಕ್ಲಿಪ್ ಆರಿಸಿ ಮಾಡಿಫೈ, ಆಡಿಯೋ ಚಾನೆಲ್ಸ್, ಅಲ್ಲಿ ಮೋನೋ ಕೊಟ್ಟು ಎರಡು ಆಡಿಯೋ ಕ್ಲಿಪ್ ಅಂತ ಇಡಿ. ಆಗ್ಲೇ ಸೀಕ್ವೆನ್ಸ್‌ಗೆ ಹಾಕಿರೋ ಕ್ಲಿಪ್ ಒಡೆದು ಎರಡಾಗೋದಿಲ್ಲ, ಅಂಥ ಕಡೆ ಆಡಿಯೋನ ಎರಡು ಟ್ರ್ಯಾಕ್‌ಗೆ ಕಾಪಿ ಮಾಡಿ ಎಫೆಕ್ಟ್ಸ್‌ನಿಂದ ಎಡದವರ ಕ್ಲಿಪ್‌ಗೆ ಫಿಲ್ ರೈಟ್ ವಿತ್ ಲೆಫ್ಟ್, ಬಲದವರದಕ್ಕೆ ಫಿಲ್ ಲೆಫ್ಟ್ ವಿತ್ ರೈಟ್ ಹಾಕಿ. ಹೆಸರು ಗಲಿಬಿಲಿ ಮಾಡತ್ತೆ, ವಿತ್ ಆದ್ಮೇಲೆ ಯಾವ್ದು ಬರತ್ತೋ ಆ ಕಡೆ ದನಿ ಉಳಿಯತ್ತೆ ಅಂತ ನೆನಪಿಟ್ಕೊಳ್ಳಿ. ಫೈನಲ್ ಕಟ್‌ನಲ್ಲಿ ಆಡಿಯೋ ಇನ್ಸ್‌ಪೆಕ್ಟರ್‌ಗೆ ಹೋಗಿ ಸ್ಟೀರಿಯೋನ ಡ್ಯುಯಲ್ ಮೋನೋ ಮಾಡಿದ್ರೆ ಆಯ್ತು. ಬರೀ ಆಡಿಯೋ ಫೈಲ್ ಇದ್ರೆ ಆಡಾಸಿಟಿ ಸಾಕು, ಟ್ರ್ಯಾಕ್ ಮೆನುವಿನಲ್ಲಿ ಸ್ಪ್ಲಿಟ್ ಸ್ಟೀರಿಯೋ ಟು ಮೋನೋ ಇದೆ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್, ಕ್ಲಿಪ್ ಅಟ್ರಿಬ್ಯೂಟ್ಸ್‌ನಲ್ಲೇ ಆಯ್ತು, ಈಗ ಎರಡು ಟ್ರ್ಯಾಕ್ ಇದೆ, ವಾಲ್ಯೂಮ್ ಬೇರೆ ಬೇರೆ ಸಿಗ್ತಿದೆ. ಆದ್ರೆ ಒಂದು ಹೊಸ ತೊಂದ್ರೆ: ಒಂದೊಂದನ್ನೇ ಸೋಲೋ ಮಾಡಿ (ಇನ್ನೊಂದನ್ನ ಮುಚ್ಚಿ) ಕೇಳಿದ್ರೆ ದನಿ ಚೆನ್ನಾಗಿದೆ, ಎರಡೂ ಒಟ್ಟಿಗೆ ಹಾಕಿದ್ರೆ ಡಬ್ಬದೊಳಗಿಂದ ಮಾತಾಡ್ದಂಗೆ ಕೇಳತ್ತೆ. ಬಲಗಡೆಯವರ ವಾಲ್ಯೂಮ್ ಏರಿಸಿದ ಮೇಲಂತೂ ಇನ್ನೂ ಜಾಸ್ತಿ ಆಗಿದೆ. ಇದ್ಯಾಕೆ?

ಉತ್ತರ 2

ಅದು ಬೇರೆ ಮಾಡಿದ್ರಿಂದ ಆಗಿದ್ದಲ್ಲ, ಮೊದಲಿಂದ್ಲೂ ಇತ್ತು, ಎಡ ಬಲ ದೂರ ಇದ್ದಾಗ ಗೊತ್ತಾಗಿಲ್ಲ ಅಷ್ಟೇ. ಒಬ್ಬರು ಮಾತಾಡುವಾಗ ಅವರ ದನಿ ಇನ್ನೊಬ್ಬರ ಮೈಕ್‌ಗೂ ಹೋಗಿ ಬಿದ್ದಿರತ್ತೆ, ಆದ್ರೆ ಸ್ವಲ್ಪ ತಡವಾಗಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗತ್ತೆ, ಅಂದ್ರೆ ಒಂದು ಮೀಟರ್ ದಾಟೋಕೆ ಹತ್ತಿರ ಹತ್ತಿರ 3 ಮಿಲಿಸೆಕೆಂಡ್. ಒಂದೇ ದನಿ ಇಷ್ಟು ಹಿಂದುಮುಂದಾಗಿ ಸೇರಿದಾಗ ಕೆಲವು ಫ್ರೀಕ್ವೆನ್ಸಿ ಒಂದನ್ನೊಂದು ಹೊಡೆದು ಹಾಕತ್ತೆ, ಕೆಲವು ಏರತ್ತೆ, ಇದಕ್ಕೆ ಕೋಂಬ್ ಫಿಲ್ಟರಿಂಗ್ ಅಂತಾರೆ. ನೀವು ಬಲಗಡೆ ಮೈಕ್ ಏರಿಸಿದಾಗ ಅದರಲ್ಲಿ ಬಿದ್ದಿರೋ ಎಡದವರ ದನಿನೂ ಜೊತೆಗೇ ಏರಿದೆ.

ಪರಿಹಾರ ಅಂದ್ರೆ ಒಂದು ಹೊತ್ತಿಗೆ ಒಂದೇ ಮೈಕ್ ಪೂರ್ತಿ ತೆರೆದಿರ್ಬೇಕು. ಯಾರು ಮಾತಾಡ್ತಿಲ್ವೋ ಅವರ ಟ್ರ್ಯಾಕ್ ಕತ್ತರಿಸಿ ಅಷ್ಟು ಭಾಗ 10ರಿಂದ 15 ಡೆಸಿಬೆಲ್ ಇಳಿಸಿ. ಪೂರ್ತಿ ಮ್ಯೂಟ್ ಮಾಡ್ಬೇಡಿ, ಕೋಣೆಯ ಹಿನ್ನೆಲೆ ಸದ್ದು ಪಟ್ ಅಂತ ಹೋಗಿ ಬಂದು ಮಾಡಿದ್ರೆ ಕಟ್ ಮಾಡಿರೋದು ಕೇಳೋರಿಗೆ ತಿಳಿದುಬಿಡತ್ತೆ. ಪ್ರತಿ ಕಟ್‌ಗೂ ಸಣ್ಣ ಕ್ರಾಸ್‌ಫೇಡ್ ಇರಲಿ, ಅಂದ್ರೆ ಒಂದು ತುಂಡಿನ ದನಿ ಇಳೀತಾ ಇನ್ನೊಂದರದ್ದು ಏರ್ಬೇಕು. ನಾಯ್ಸ್ ಗೇಟ್ (ಸಣ್ಣ ಸದ್ದನ್ನ ತಾನಾಗೇ ಮುಚ್ಚೋ ಎಫೆಕ್ಟ್) ಹಾಕಿದ್ರೂ ನಡೆಯತ್ತೆ ಆದ್ರೆ ಮೆಲ್ಲಗೆ ಮಾತಾಡೋರ ಪದಗಳ ಕೊನೆ ನುಂಗಿಬಿಡತ್ತೆ, ನಿಮ್ಮ ಅತಿಥಿ ದನಿ ಮೊದಲೇ ಸಣ್ಣ ಅಂತೀರಿ, ಕೈಯಲ್ಲೇ ಮಾಡಿ, ಬೇಸರದ ಕೆಲಸ ನಿಜ, ಫಲಿತಾಂಶ ಬೇರೆನೇ ಇರತ್ತೆ.

ಉತ್ತರ 4

ತಡವಾಗಿ ಬಂದೆ, ಒಂದು ಮಾತು ಸೇರಿಸ್ತೀನಿ, ಯಾಕಂದ್ರೆ ಎಡ ಬಲ ಅಂದ ಕೂಡ್ಲೇ ಇಬ್ಬರು ಅಂತ ಅಂದ್ಕೊಳ್ಳೋದು ಸರಿಯಲ್ಲ. ಒಡೆಯೋ ಮುಂಚೆ ಎರಡನ್ನೂ ಒಂದೊಂದಾಗಿ ಕೇಳಿ. ಎರಡರಲ್ಲೂ ಒಂದೇ ಮಟ್ಟದಲ್ಲಿ ಇಬ್ಬರೂ ಇದ್ರೆ ರಿಸೀವರ್ ಮೋನೋ ಮೋಡ್‌ನಲ್ಲಿತ್ತು ಅಂತ, ಒಡೆದೂ ಲಾಭ ಇಲ್ಲ. ಎರಡರಲ್ಲೂ ಅದೇ ಮಾತು ಇದ್ದು ಒಂದು ಕಡೆ ಮಾತ್ರ ತುಂಬಾ ಸಣ್ಣದಾಗಿದ್ರೆ ಅದು ಸೇಫ್ಟಿ ಚಾನೆಲ್, ಜೋರಾಗಿ ನಕ್ಕಾಗ ಕೂಗಿದಾಗ ಮೊದಲನೇದರ ದನಿ ಕರ್ಕಶವಾಗಿ ಹಾಳಾದ ಜಾಗಕ್ಕೆ ಮಾತ್ರ ಬಳಸೋದು, ಎರಡನ್ನೂ ಬೆರೆಸೋದಲ್ಲ.

ಮೂರನೇದು ಇನ್ನೂ ಕೆಟ್ಟದ್ದು. ಒಂದೇ ಸಿಗ್ನಲ್‌ನ ಒಂದು ತಂತಿಲಿ ನೇರವಾಗಿ, ಇನ್ನೊಂದರಲ್ಲಿ ಉಲ್ಟಾ ಕಳಿಸೋ ಬ್ಯಾಲೆನ್ಸ್ಡ್ ಔಟ್‌ಪುಟ್ ಇರೋ ಮಿಕ್ಸರ್‌ನ ತಪ್ಪು ಕೇಬಲ್‌ನಲ್ಲಿ ಕ್ಯಾಮೆರಾದ ಸ್ಟೀರಿಯೋ ಇನ್‌ಪುಟ್‌ಗೆ ಚುಚ್ಚಿದ್ರೆ ಎಡಕ್ಕೆ ಬಂದ ಸಿಗ್ನಲ್‌ನ ಉಲ್ಟಾ ಬಲಕ್ಕೆ ಬರತ್ತೆ. ಹೆಡ್‌ಫೋನ್‌ನಲ್ಲಿ ಕೇಳತ್ತೆ, ಒಂದೇ ಸ್ಪೀಕರ್ ಇರೋ ಫೋನ್‌ನಲ್ಲಿ ಎರಡೂ ಸೇರಿ ಮಾತೇ ಮಾಯ. ಅಂಥದ್ದು ಸಿಕ್ಕಿದ್ರೆ ಒಂದು ಚಾನೆಲ್ ಇಟ್ಕೊಂಡು ಇನ್ನೊಂದನ್ನ ತೆಗೆದುಹಾಕಿ, ಬೇರೇನೂ ಬೇಡ.

ಪ್ರಶ್ನೆ ಕೇಳಿದವರು

ಕೇಳಿ ನೋಡಿದೆ, ನನ್ನದರಲ್ಲಿ ಇಬ್ಬರೂ ಬೇರೆ ಬೇರೆನೇ ಇದಾರೆ. ಮಾತಾಡ್ದೇ ಇರೋರ ಟ್ರ್ಯಾಕ್ 12 ಡೆಸಿಬೆಲ್ ಇಳಿಸಿದ್ದಕ್ಕೆ ಆ ಡಬ್ಬದ ಸದ್ದು ಹೋಯ್ತು. ಇಬ್ಬರೂ ಒಟ್ಟಿಗೆ ನಗೋ ಕಡೆ ಏನು ಮಾಡ್ಲಿ?

ಉತ್ತರ 2

ಅಲ್ಲಿ ಎರಡೂ ತೆರೆದೇ ಇಡಿ, ನಗೋವಾಗ ಅದು ಯಾರಿಗೂ ಗೊತ್ತಾಗಲ್ಲ.